ಅತ್ತೆಯನ್ನು ಹೊತ್ತು ಎದ್ದ ಕಾರು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ಡಿದೆ. ಸುತ್ತಮುತ್ತಲ ಕಾರ್ಖಾನೆಗಳ ಏರ್ ಕಂಪ್ರೆಸರ್‌ಗಳು ಕೆಟ್ಟರೆ ನಮ್ಮಲ್ಲಿಗೆ ಬರುತ್ತವೆ. ಗಿರಾಕಿಗಳ ಜೊತೆ ಮಾತು, ಬಿಲ್ಲು, ಓಡಾಟ ನನ್ನ ಗಂಡನದು, ಸ್ಪ್ಯಾನರ್ ನನ್ನದು. ಹೊಸದಾಗಿ ಬಂದವರು ಇವರ ಮುಂದೆ ಮಷೀನಿನ ಕಷ್ಟಸುಖವನ್ನೆಲ್ಲ ತೋಡಿಕೊಂಡ ಮೇಲೆ ಇವರು ನನ್ನ ಕಡೆ ಕೈ ತೋರಿಸುತ್ತಾರೆ. ಆಗ ಆ ಗಿರಾಕಿಗಳ ಮುಖ ನೋಡಬೇಕು! ಮಷೀನು ಓಡಿದ ಮೇಲೆ ಅವರೇ ‘ಮೇಡಂ, ಮೇಡಂ’ ಅನ್ನುತ್ತಾರೆ, ಅದು ಬೇರೆ ಮಾತು.

ಇಂಥ ನನ್ನ ಮನೆಯ ಮುಂದೆಯೇ ಕಂಪ್ರೆಸರ್ ಕೆಟ್ಟ ಕಾರೊಂದು ನೆಲ ಕಚ್ಚಿ ಕೂತಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಆ ಕಾರು ಕೊಂಡದ್ದೇ ಅತ್ತೆಗಾಗಿ. ಅವರ ಮಂಡಿ ಸವೆದು ವರ್ಷಗಳಾದವು. ಆಪರೇಷನ್ ಮಾಡಿಸೋಣ ಅಂದರೆ, “ನಾನೇನು ನಿನ್ನ ಮಿಷನ್ನಾ, ಬಿಚ್ಚಿ ಜೋಡ್ಸಾಕೆ?” ಅನ್ನುತ್ತಾರೆ. ಮನೆಯೊಳಗೆ ಕೋಲೂರಿಕೊಂಡು ಓಡಾಡುತ್ತಾರೆ. ಬೈಯುವುದಕ್ಕೆ ಮಂಡಿ ಬೇಕಿಲ್ಲವಾದ್ದರಿಂದ ಆ ಕೆಲಸ ಅಲ್ಲಿಯವರೆಗೆ ಒಂದು ದಿನವೂ ನಿಂತಿರಲಿಲ್ಲ. ಆದರೆ ಗಾಡಿ ಹತ್ತಲಾರರು. ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಕೂತರೆ ಹಳ್ಳಕ್ಕೆ ಬಿದ್ದ ಹಾಗೆ; ಎಬ್ಬಿಸುವುದಕ್ಕೆ ನಾನೊಂದು ಕಡೆ, ಇವರೊಂದು ಕಡೆ ಎಳೆಯಬೇಕು. ಎತ್ತರದ ದೊಡ್ಡ ಕಾರುಗಳಿಗೆ ಕಾಲು ಮೇಲೇಳುವುದಿಲ್ಲ. ಆಟೊ ಹತ್ತಿಸಿದರೆ ಮೊದಲನೇ ಹಂಪ್‌ಗೇ ಅರ್ಧ ಜಾಲಹಳ್ಳಿಗೆ ಕೇಳುವ ಹಾಗೆ “ಅಯ್ಯಯ್ಯಪ್ಪೋ!”

ಅವರಿಗೆ ಹೋಗಬೇಕಾಗಿದ್ದದ್ದಾದರೂ ಒಂದೇ ಜಾಗಕ್ಕೆ, ಮಹದೇವಪುರದಲ್ಲಿರುವ ಅವರ ಅಕ್ಕನ ಮನೆಗೆ. ಆ ದೊಡ್ಡತ್ತೆಗೆ ಕಾಲು ಗಟ್ಟಿ, ಕಿವಿ ಹೋಗಿದೆ. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಬೀದಿ ದಾಟುವ ಹಾಗಿಲ್ಲ. ಮೊದಲೆಲ್ಲ ಅಕ್ಕತಂಗಿಯರಿಗೆ ದಿನಾ ಸಂಜೆ ಫೋನು ಆಗಲೇಬೇಕಿತ್ತು. ಕಿವಿ ಹೋದ ಮೇಲೆ ಅದೂ ನಿಂತಿತು. ಕಿವಿಗೆ ಮಷೀನು ಹಾಕಿಸಿದರೆ, ತಲೆಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ ಎಂದು ದೊಡ್ಡತ್ತೆ ಅದನ್ನು ಕಿತ್ತು ಎಲೆಅಡಿಕೆ ಡಬ್ಬಿಗೆ ಹಾಕಿಬಿಟ್ಟರು. ವಿಡಿಯೊ ಕಾಲ್ ಮಾಡಿಕೊಟ್ಟೆವು. ಇಬ್ಬರೂ ಫೋನನ್ನು ಅಭ್ಯಾಸಬಲದಿಂದ ಕಿವಿಗೇ ಒತ್ತಿಕೊಂಡರು. ಅಕ್ಕನ ಫೋನಿನಲ್ಲಿ ತಂಗಿಯ ಓಲೆ, ತಂಗಿಯ ಫೋನಿನಲ್ಲಿ ಅಕ್ಕನ ಓಲೆ. ಅಲ್ಲಿಗೆ ಮುಗಿಯಿತು.

ಆಮೇಲೆ ಅತ್ತೆ ಮಂಕಾದರು. ಏನಾದರೂ ಸುದ್ದಿ ಕಿವಿಗೆ ಬಿದ್ದರೆ “ಇದ್ನ ಅಕ್ಕಯ್ಯಂಗೆ…” ಎಂದು ಬಾಯಿ ತೆಗೆದು, ನೆನಪಾಗಿ, ಹಾಗೇ ಸುಮ್ಮನಾಗುತ್ತಿದ್ದರು. ನನ್ನ ಸಾರಿಗೆ ಹೆಸರಿಡುವುದನ್ನೂ ಬಿಟ್ಟರು. ಬೈಸಿಕೊಂಡು ಅಭ್ಯಾಸವಾದ ನನಗೆ ಆ ಮೌನ ನಿಜವಾಗಿ ಹೆದರಿಕೆ ಹುಟ್ಟಿಸಿತು.

ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ಈ ಕಾರು ತಂದಿದ್ದು ಆಗಲೇ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರೊಬ್ಬರು ಮಾರುತ್ತಿದ್ದ ಎತ್ತರದ, ಭಾರಿ ಕಾರು. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ; ನಾಲ್ಕು ಚಕ್ರದ ಮೇಲೂ ಗಾಳಿ ತುಂಬಿದ ರಬ್ಬರ್ ಚೀಲಗಳು. ಆ ಚೀಲಗಳಿಗೆ ಗಾಳಿ ಊದಲು ಒಂದು ಪುಟ್ಟ ಕಂಪ್ರೆಸರ್. ಬಟನ್ ಒತ್ತಿದರೆ ಗಾಳಿ ಬಿಟ್ಟು, ಕೋಲೆ ಬಸವ ಮಂಡಿಯೂರಿದ ಹಾಗೆ ತಗ್ಗುತ್ತದೆ. ಮತ್ತೆ ಒತ್ತಿದರೆ ಏಳುತ್ತದೆ. ತಗ್ಗಿದಾಗ ಸೀಟು ಸರಿಯಾಗಿ ಅತ್ತೆಯ ಸೊಂಟದ ಎತ್ತರಕ್ಕೆ ಬರುತ್ತಿತ್ತು. ಅವರು ಹಿಂದಕ್ಕೆ ತಿರುಗಿ ಕೂತರು, ಕಾಲು ಒಳಗೆಳೆದುಕೊಂಡರು, ಅಷ್ಟೇ! “ನಾಳೀಕೆ ಅಕ್ಕಯ್ಯನ ಮನೆ,” ಎಂದು ಘೋಷಿಸಿದರು.

ಮಾರನೇ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು, ಅಕ್ಕನಿಗೆಂದು ನುಗ್ಗೆಸೊಪ್ಪಿನ ಕಂತೆ ಹಿಡಿದು ಕಾರಿನಲ್ಲಿ ಕೂತರು. ಇವರು ಬಟನ್ ಒತ್ತಿದರು. ಕಾರು ಏಳಲಿಲ್ಲ. ಇನ್ನೊಮ್ಮೆ ಒತ್ತಿದರು. ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತೇ ಹೊರತು ಕಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಾಡಿ ಚಕ್ರದ ಮೇಲೇ ಕೂತಿತ್ತು. ಹಾಗೇ ಓಡಿಸಿದ್ದರೆ ಟೈರು ಉಜ್ಜಿ ಹರಿದುಹೋಗುತ್ತಿತ್ತು.

“ಇಳೀರಿ ಅತ್ತೆ, ಇವತ್ತು ಆಗಲ್ಲ,” ಎಂದೆ.

“ನಾನ್ಯಾಕೆ ಇಳೀಲಿ? ನಾನು ಕೂತಾಯ್ತು. ಎಬ್ಸೋದು, ಓಡ್ಸೋದು ನಿಮ್ದು.”

ಅಂದಿನಿಂದ ಅದು ಅವರ ದಿನಚರಿಯಾಯಿತು. ಕಾಫಿ ಕುಡಿದು ಕಾರಿನೊಳಗೆ ಹೋಗಿ ಕೂತರೆ ಊಟದ ಹೊತ್ತಿಗೇ ಇಳಿಯುವುದು. ಬೀದಿಯವರೆಲ್ಲ ಕಿಟಕಿಯಲ್ಲಿ ಬಗ್ಗಿ ಮಾತಾಡಿಸುವವರೇ. ದೃಷ್ಟಿಯಾಗಿದೆ ಎಂದು ಯಾರೋ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಹೋದರು. ಗ್ಯಾರೇಜಿನವನಿಗೆ ಫೋನ್ ಮಾಡಿದರೆ ಅವನು ಕಾರಿನ ಮುಖ ನೋಡದೆಯೇ, “ನಾಲ್ಕು ಬ್ಯಾಗು, ಕಂಪ್ರೆಸರ್ರು, ಎಲ್ಲಾ ಒಟ್ಟಿಗೆ ಚೇಂಜ್ ಮಾಡ್ಬಿಡೋಣ ಮೇಡಂ,” ಎಂದ. ನನಗೆ ಮೈ ಉರಿದುಹೋಯಿತು. “ನೆಗಡಿ ಬಂದ್ರೆ ಮೂಗೇ ಕೊಯ್ತೀಯೇನಪ್ಪ?” ಎಂದು ಫೋನಿಟ್ಟೆ. ಇನ್ನು ನಾನೇ ನೋಡುವುದು ಎಂದು ತೀರ್ಮಾನವಾಯಿತು.

ನಮ್ಮ ಕಸುಬಿನಲ್ಲಿ ಗಾಳಿ ನಿಲ್ಲದಿದ್ದರೆ ಎರಡೇ ಅನುಮಾನ. ಊದುವವನು ಊದುತ್ತಿಲ್ಲ, ಇಲ್ಲವೇ ಊದಿದ್ದು ಸೋರುತ್ತಿದೆ. ಯಾವುದೆಂದು ತಿಳಿಯಬೇಕಾದರೆ ಬೇರೆ ಕಡೆಯಿಂದ ಗಾಳಿ ತುಂಬಿ ಕಾಯಬೇಕು. ನಿಂತರೆ ಚೀಲಗಳು ಸರಿಯಿವೆ, ತಪ್ಪು ಕಂಪ್ರೆಸರಿನದು. ಇಳಿದರೆ ಚೀಲವೋ ಕೊಳವೆಯೋ ತೂತು. ಭಾನುವಾರ ಶೆಡ್ಡಿನಿಂದ ಚಿಕ್ಕ ಕಂಪ್ರೆಸರೊಂದನ್ನು ಮನೆಗೆ ತಂದೆ. ನಾಲ್ಕು ಚಕ್ರಕ್ಕೆ ಹೋಗುವ ಸಪೂರ ಕೊಳವೆಗಳನ್ನು ಬಿಚ್ಚಿ, ಒಂದೊಂದಕ್ಕೂ ಪುಟ್ಟ ವಾಲ್ವ್ ಕೂರಿಸಿ, ನಮ್ಮ ಕಂಪ್ರೆಸರಿನ ಹೋಸ್ ಪೈಪಿಗೆ ಜೋಡಿಸಿದೆ.

“ಅತ್ತೆ, ಈಗಾದ್ರೂ ಇಳೀರಿ.”

“ನಿನ್ ಕೆಲ್ಸ ನೀನು ಮಾಡ್ಕ. ನಾನೇನು ಅಡ್ಡ ಬಂದ್ನಾ?”

“ಇರ್ಲಿ ಬಿಡೇ,” ಎಂದರು ನನ್ನ ಗಂಡ. “ಅಮ್ಮ ಎಷ್ಟು ಮಹಾ ಭಾರ.” ಒಳಗಿನಿಂದ, “ಯಾರ್ಲಾ ಭಾರ?” ಎಂದು ಕೇಳಿಸಿತು.

ವಾಲ್ವ್ ತಿರುಗಿಸಿದೆ. ಮುಂದಿನ ಎರಡು ಚಕ್ರದ ಮೇಲೆ ಕಾರು ಮೆಲ್ಲಗೆ ಎದ್ದಿತು. ಆಮೇಲೆ ಹಿಂದೆ. ಅತ್ತೆ ಮೇಲಿನ ಹಿಡಿ ಹಿಡಿದುಕೊಂಡು, ಬಾಯಿ ತೆರೆದು, ನೆಲ ಕೆಳಗೆ ಹೋಗುವುದನ್ನೇ ನೋಡುತ್ತಿದ್ದರು. “ಎದ್ಬುಡ್ತು ಕಣ್ಲಾ! ನಡೀಲಾ ಮಗ, ಇಂಗೇ ಓಗ್ಬುಡಾನ!”

ಇವರು ಹೋಗಿ ಸ್ಟೇರಿಂಗ್ ಹಿಡಿದೇ ಬಿಟ್ಟರು. ತಾಯಿ ಮಗ ಇಬ್ಬರಿಗೂ ಬುದ್ಧಿ ಒಂದೇ ಅಚ್ಚಿನದು. “ರೀ, ಇಳೀರಿ ಕೆಳಗೆ! ಗಾಳಿ ನಾನು ಕಟ್ಟಿ ಹಾಕಿರೋದು, ಕಾರು ತಾನಾಗಿ ಹೆಚ್ಚುಕಮ್ಮಿ ಮಾಡ್ಕೊಳಕ್ಕಾಗಲ್ಲ. ರಿಂಗ್ ರೋಡಿನ ಗುಂಡೀಲಿ ನೆಟ್ಟಗೆ ಇರುತ್ತಾ? ಹೋಗ್ಲಿ, ಅಲ್ಲಿ ಹೋದ್ಮೇಲೆ ಅತ್ತೆ ಇಳಿಯೋದು ಹೆಂಗೆ?”

ಅತ್ತೆ ಕೆಳಗೆ ನೋಡಿದರು. ನೆಲ ಬಹಳ ದೂರವಿತ್ತು. “ಈಗ್ಲೇ ಇಳ್ಸೇ ನನ್ನ,” ಎಂದರು, ದನಿ ತಗ್ಗಿಸಿ.

“ಈಗಿಳಿಸಿದ್ರೆ ಗಾಳಿ ನಿಲ್ಲುತ್ತೋ ಇಲ್ವೋ ಗೊತ್ತಾಗೋದು ಹೆಂಗೆ ಅತ್ತೆ? ಸ್ವಲ್ಪ ಹೊತ್ತು ಹಂಗೇ ಕೂತಿರಿ. ಭಾರ ಇದ್ರೇನೇ ಪರೀಕ್ಷೆ ಸರಿಯಾಗೋದು.”

ಸುಳ್ಳಲ್ಲ, ನನಗೆ ಒಳಗೊಳಗೇ ಬಹಳ ಖುಷಿಯಾಗಿತ್ತು. ಮದುವೆಯಾದಂದಿನಿಂದ ಅತ್ತೆಯನ್ನು ನಾನು ಹೇಳಿದ ಕಡೆ ಕೂರಿಸಿದ್ದು ಅದೇ ಮೊದಲು. ಒಂದು ಕೋಲಿನ ಮೇಲೆ ಕಾರಿನ ಎತ್ತರಕ್ಕೆ ಗುರುತು ಹಾಕಿದೆ. ಗಾಳಿಯನ್ನು ನಂಬಿ ಕಾರಿನಡಿ ತೂರುವವಳು ನಾನಲ್ಲ. ಚಾಸಿಯಡಿ ಬೆರಳು ಹೋಗುವಷ್ಟು ಸಂದು ಬಿಟ್ಟು ಮರದ ದಿಮ್ಮಿಗಳನ್ನಿಟ್ಟೆ. ಸೋಪಿನ ನೀರು ಹಿಡಿದು ಒಂದೊಂದು ಜಾಯಿಂಟಿಗೂ ಹಚ್ಚುತ್ತ ಹೋದೆ. ಎಲ್ಲೂ ಗುಳ್ಳೆ ಬರಲಿಲ್ಲ. ಮೇಲಿನಿಂದ ಮಾತ್ರ ಬೈಗುಳ ಧಾರಾಕಾರವಾಗಿ ಬರುತ್ತಿತ್ತು. ನಡುವೆ ಕಾಫಿ, ಕೋಡುಬಳೆ, ಮಂಡಕ್ಕಿ ಮೇಲಕ್ಕೆ ಹೋದವು; ಖಾಲಿ ತಟ್ಟೆ, ‘ಉಪ್ಪು ಕಮ್ಮಿ’ ಎಂಬ ವರದಿ ಕೆಳಕ್ಕೆ ಬಂದವು. ಬಹಳ ದಿನದ ಮೇಲೆ ಅತ್ತೆ ಅತ್ತೆಯ ಹಾಗಿದ್ದರು. ಸಂಜೆಯಾದರೂ ಕಾರು ಗುರುತಿನಿಂದ ಒಂದು ಕೂದಲೂ ಇಳಿದಿರಲಿಲ್ಲ. ಚೀಲಗಳು ನಿರಪರಾಧಿಗಳು. ದಿಮ್ಮಿ ತೆಗೆದು, ಗಾಳಿ ಬಿಟ್ಟು, ಅತ್ತೆಯನ್ನು ನೆಲಕ್ಕಿಳಿಸಿದೆವು.

ಉಳಿದದ್ದು ಕಂಪ್ರೆಸರು. ಫ್ಯೂಸ್ ನೋಡಿದೆ, ಸರಿಯಿತ್ತು. ಕಂಪ್ರೆಸರಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ, ದೀಪ ಹತ್ತಿತು. ಅಂದರೆ ಕರೆಂಟು ಬಾಗಿಲವರೆಗೆ ಬರುತ್ತಿದೆ, ಒಳಗಿನವನೇ ಏಳುತ್ತಿಲ್ಲ. ಬ್ಯಾಟರಿಯಿಂದ ನೇರ ಕೊಟ್ಟರೂ ಸುಟ್ಟ ವಾಸನೆ ಬಂತೇ ಹೊರತು ಮೋಟರು ತಿರುಗಲಿಲ್ಲ. ಮುಂದಿನ ಬಂಪರ್ ಬಿಚ್ಚಿ ಅದನ್ನು ಹೊರತೆಗೆದು ಶೆಡ್ಡಿಗೆ ಒಯ್ದೆ. ಗಾಳಿಯ ತೇವ ಹೀರಲು ಅದರಲ್ಲಿ ಒಂದು ಡ್ರೈಯರ್ ಇರುತ್ತದೆ, ಒಳಗೆಲ್ಲ ಸಣ್ಣ ಬಿಳಿ ಕಾಳು. ಆ ಕಾಳೆಲ್ಲ ನೆನೆದ ಅವಲಕ್ಕಿಯ ಹಾಗೆ ಮುದ್ದೆಯಾಗಿತ್ತು. ನೀರು ಸಿಲಿಂಡರಿಗಿಳಿದು ತುಕ್ಕು ಹಿಡಿದು, ಪಿಸ್ಟನ್ ರಿಂಗ್ ಸವೆದು, ತಿಣುಕಿ ತಿಣುಕಿ ಮೋಟರೇ ಸುಟ್ಟಿತ್ತು.

“ಹೊಸದು ತರಿಸೋಣ ಕಣೇ,” ಎಂದರು ಇವರು.

“ಕಂಪ್ರೆಸರ್ ರಿಪೇರಿ ಮಾಡೋಳು ಹೊಸ ಕಂಪ್ರೆಸರ್ ತಂದ್ಲು ಅಂತ ಗೊತ್ತಾದ್ರೆ ಪೀಣ್ಯದಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಹೆಂಗ್ರೀ?”

ಹಠಕ್ಕೆ ಬಿದ್ದೆ. ಹುಡುಕಿ ಹುಡುಕಿ ರಿಂಗ್ ಹೊಂದಿಸಿದೆ, ಸಿಲಿಂಡರ್ ಉಜ್ಜಿದೆ, ಮೋಟರಿಗೆ ಹೊಸ ತಂತಿ ಸುತ್ತಿಸಲು ವೈಂಡಿಂಗಿಗೆ ಕೊಟ್ಟೆ. ಜೋಡಿಸಿ ಓಡಿಸಿದರೆ ಅದು ಮತ್ತೆ ಸುಟ್ಟುಹೋಯಿತು. ಮನೆಗೆ ಬಂದರೆ ಅತ್ತೆ ಸಂಜೆಯಾದರೂ ಇಳಿಯದೆ ಆ ಕಾರಿನಲ್ಲೇ ಕೂತಿದ್ದರು, ತೊಡೆಯ ಮೇಲೆ ಬಾಡಿದ ನುಗ್ಗೆಸೊಪ್ಪು. ಪ್ರತಿದಿನ ಬೆಳಿಗ್ಗೆ ಹೊಸ ಕಂತೆ ಕೀಳಿಸಿಕೊಂಡು, ಸಂಜೆ ಅದನ್ನು ಸಾರಿಗೆ ಕೊಡುತ್ತಿದ್ದರು. “ಆಯ್ತೇನವ್ವ?” ಎಂದು ಕೇಳಿದರು, ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಜಂಬಕ್ಕೆ ಬೆಂಕಿ ಬೀಳಲಿ ಅನ್ನಿಸಿ, ಒಳಗೆ ಹೋಗಿ ಇವರಿಗೆ, “ಹೊಸದಕ್ಕೆ ಹೇಳ್ಬಿಡಿ,” ಎಂದೆ.

ಹೊಸ ಕಂಪ್ರೆಸರು ಬಂತು. ಅದುರದಂತೆ ರಬ್ಬರ್ ಬುಶ್‌ಗಳ ಮೇಲೆ ಕೂರಿಸಿ, ಕೊಳವೆಗಳನ್ನು ಸ್ವಸ್ಥಾನಕ್ಕೆ ಸೇರಿಸಿದೆ. ಅದಕ್ಕೆ ಕರೆಂಟು ಕೊಡುವ ರಿಲೇಯನ್ನೂ ಬದಲಾಯಿಸಿದೆ. ಹಳೆಯ ರಿಲೇಯ ಪಾಯಿಂಟುಗಳು ಕರಗಿ ಅಂಟುವ ಹಾಗಾಗಿದ್ದವು. ಅದನ್ನೇ ಬಿಟ್ಟಿದ್ದರೆ ಹೊಸ ಮೋಟರು ನಿಲ್ಲದೆ ಓಡಿ ಹಳೆಯದರ ದಾರಿಯನ್ನೇ ಹಿಡಿಯುತ್ತಿತ್ತು. ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿ ಹಳದಿ ದೀಪ ಆರಿಸಿದೆವು. ಇವರು ಬಟನ್ ಒತ್ತಿದರು. ಬಂಪರಿನ ಹಿಂದೆ ‘ಗುರ್’ ಎಂದಿತು, ಕಾರು ಎದ್ದಿತು. ಒತ್ತಿದರು, ಕೂತಿತು. ಮತ್ತೆ ಎದ್ದಿತು. ಬೀದಿಯವರೆಲ್ಲ ನೋಡಲು ಬಂದಿದ್ದರಿಂದ ಇವರು ಬೇಕಾಗಿದ್ದಕ್ಕಿಂತ ಜಾಸ್ತಿಯೇ ಒತ್ತಿದರು.

ಮಾರನೇ ದಿನ ಮಹದೇವಪುರಕ್ಕೆ ಹೊರಟೆವು. ದೊಡ್ಡತ್ತೆಯ ಮನೆಯಲ್ಲಿ ಈಗ ಕೆಳಗಡೆಯೆಲ್ಲ ಬಾಡಿಗೆ, ಒಂದು ಮೆಸ್ಸು, ಒಂದು ಮೊಬೈಲ್ ಅಂಗಡಿ, ಅವರಿರುವುದು ಮೇಲೆ. ಮೆಟ್ಟಿಲು ಅತ್ತೆಯ ಕೈಲಾಗುವುದಲ್ಲ. ಇವರು ಮೇಲೆ ಹೋಗಿ ದೊಡ್ಡತ್ತೆಯ ಕೈ ಹಿಡಿದು ಜಗ್ಗಿ, ಕೆಳಗೆ ತೋರಿಸಿದರು. ಆ ವಯಸ್ಸಿನಲ್ಲಿ ಅವರು ಮೆಟ್ಟಿಲಿಳಿದು ಬಂದ ವೇಗ ನೋಡಿ ನನಗೇ ಗಾಬರಿಯಾಯಿತು. ಮೆಸ್ಸಿನ ಮುಂದೆ ಕಾರು ತಗ್ಗಿ ಕೂತಿತು. ದೊಡ್ಡತ್ತೆ ನೇರ ಹಿಂದಿನ ಸೀಟಿಗೇ ಹತ್ತಿದರು. ಅಕ್ಕತಂಗಿ ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು. ಅತ್ತೆ ನುಗ್ಗೆಸೊಪ್ಪಿನ ಕಂತೆಯನ್ನು ಅಕ್ಕನ ಮಡಿಲಿಗೆ ಹಾಕಿದರು.

“ನೀವಿಬ್ರೂ ಆಚೀಕೆ ಓಗಿ,” ಎಂದರು ಅತ್ತೆ. “ನಾವು ಏನೇನೋ ಗುಟ್ಟು ಮಾತಾಡ್ಕಬೇಕು.” ನಮ್ಮನ್ನು ಇಳಿಸಿ, ಬಾಗಿಲು ಹಾಕಿಸಿ, ಗಾಜು ಏರಿಸಿಕೊಂಡರು.

ಕಿವುಡಿಗೆ ಗುಟ್ಟು ಹೇಳುವುದು ಹೇಗೆ? ಗಾಜು ಏರಿಸಿದ ಕಾರಿನೊಳಗಿಂದ ಅತ್ತೆಯ ದನಿ ಮೆಸ್ಸಿನ ಅಡುಗೆಮನೆಯವರೆಗೂ ಕೇಳುತ್ತಿತ್ತು. ಮೊದಲ ಗುಟ್ಟು ನಾನೇ.

“ಸೊಸೇದು ಬಾಯಿ ಬೊಂಬಾಯಿ ಅಕ್ಕಯ್ಯ! ಮುದ್ದೆ ಕಟ್ಟುದ್ರೆ ಬರೀ ಗಂಟು! ನನ್ನ ಆಕಾಸಕ್ಕೆ ಎತ್ತಿ ಸಂಜೆಗಂಟ ಕೂರ್ಸಿದ್ಲು, ಪಾಪಿ!”

ನಾನು ಬಾಗಿಲಿಗೆ ಕೈ ಹಾಕಿದೆ. ಇವರು ಹಿಡಿದೆಳೆದರು.

“ಆದ್ರೂ ಕಣಕ್ಕಯ್ಯ, ನನ್ನ ಒಟ್ಟೇಲಿ ಒಂದು ಎಣ್ಣು ಉಟ್ಟಿದ್ರೂ ಇಂಗೆ ನನಗೋಸ್ಕರ ಮಣ್ಣಾಗೆ ಬಿದ್ದು ಒದ್ದಾಡ್ತಿರ್ನಿಲ್ಲ! ನಿನ್ನ ಮಖ ನಾನಿವತ್ತು ನೋಡಿದ್ದು ಅವ್ಳಿಂದ!”

“ಆಂ? ಏನಂದೆ?” ಎಂದರು ದೊಡ್ಡತ್ತೆ.

ಅತ್ತೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಮೆಸ್ಸಿನಲ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನಿಂತರು. “ಅವ್ಳ ಮುಂದೆ ಮಾತ್ರ ಬಾಯಿ ಬಿಡಬ್ಯಾಡ ಅಕ್ಕಯ್ಯ! ತಲೆ ಮ್ಯಾಕೆ ಕೂತ್ಕಂಬುಡ್ತಾಳೆ!” ಎಂದು ಕೊನೆಗೆ ಕೂಗಿ ಹೇಳಿದರು.

“ಕೇಳಿಸ್ತಾ?” ಎಂದು ಇವರು ನನ್ನ ಕಡೆ ತಿರುಗಿದರು.

ನಾನು ದುಪಟ್ಟದ ತುದಿಯಿಂದ ಕಣ್ಣೊರೆಸಿಕೊಂಡು, “ಇಲ್ಲ ಕಣ್ರೀ,” ಎಂದೆ. “ದೊಡ್ಡತ್ತೇಗೂ ಇನ್ನೂ ಸರಿಯಾಗಿ ಕೇಳಿಸಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಹೇಳ್ಲಿ, ಇರಿ.”