ಫ್ಯಾನ್ ಇಲ್ಲದ ಕಿಂಡಿ

ಮೂವತ್ತು ವರ್ಷದಿಂದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಬಂದ ಆ ಮನುಷ್ಯನ ನಿಜವಾದ ಹೆಸರು ಮನೆ ಬಾಡಿಗೆಯ ಕರಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ವೈಂಡಿಂಗಣ್ಣ. ಅಂಗಡಿಗೆ ಬಂದ ಫ್ಯಾನನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, ಕಿವಿಗೊಟ್ಟು, ಅಚ್ಚು ತಿರುಗುವ ಬುಷ್ ಸವೆದಿದೆಯೋ ರೆಕ್ಕೆ ಸೊಟ್ಟಗಾಗಿದೆಯೋ ಹೇಳಿಬಿಡುತ್ತಿದ್ದ. ಅವನ ಕೈಯಿಂದ ಹೊರಟ ಫ್ಯಾನು ಸದ್ದು ಮಾಡುತ್ತದೆಂದು ವಾಪಸ್ ತಂದವರಿಲ್ಲ. ಇಂಥವನ ಸ್ವಂತ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನು ಮಾತ್ರ ಮೂರು ವರ್ಷದಿಂದ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಲೊಡಲೊಡ ಎನ್ನುತ್ತಿತ್ತು. ಮನೆಯಲ್ಲಿ ಕೇಳುವವರಾದರೂ ಯಾರಿದ್ದಾರೆ ಎಂದು ಅದನ್ನು ಅದರ ಪಾಡಿಗೆ ಬಿಟ್ಟಿದ್ದ.

ಒಂದು ಕಾಲಕ್ಕೆ ಕೇಳುವವಳೊಬ್ಬಳು ಇದ್ದಳು. ಮದುವೆಯಾಗಿ ಎರಡು ವರ್ಷಕ್ಕೆ ಆಕೆ ಗಂಟುಮೂಟೆ ಕಟ್ಟಿದಳು. ಜಗಳವಿಲ್ಲ, ರಂಪವಿಲ್ಲ. ಇವನು ಕುಡಿಯುವವನಲ್ಲ, ಕೈಯೆತ್ತುವವನಲ್ಲ. ದಿನವಿಡೀ ಮೋಟಾರುಗಳ ಗುಂಯ್‌ಗುಟ್ಟುವಿಕೆಯಲ್ಲಿ ಕೂತು ಬಂದವನಿಗೆ ಮನೆಗೆ ಬಂದಮೇಲೆ ಮಾತು ಬೇಡವಾಗಿತ್ತು, ಅಷ್ಟೇ. "ನಿಮ್ ಜೊತೆ ಇದ್ರೂ ಒಬ್ಳೇ ಇದ್ದ ಹಾಗೇ ಇದೆ. ಅದಕ್ಕಿಂತ ಒಬ್ಳೇ ಇರ್ತೀನಿ ಬಿಡಿ," ಎಂದಳು ಆಕೆ. ಅದಕ್ಕೆ ಇವನು ಹೇಳಬೇಕಾಗಿದ್ದ ಮಾತು ಹೊಳೆಯುವಷ್ಟರಲ್ಲಿ ಹದಿನೆಂಟು ವರ್ಷ ಕಳೆದಿತ್ತು, ಆಕೆಗೆ ಬೇರೆ ಸಂಸಾರವಾಗಿತ್ತು. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಮಾಡಿದವನಿಗೂ ಸಂಜೆ ಬೀಗ ತೆಗೆದು ಕತ್ತಲ ಮನೆಗೆ ಕಾಲಿಡುವುದು ಕಷ್ಟವೇ.

ಒಂದು ಭಾನುವಾರ ಯಾರೋ ಬಾಗಿಲು ತಟ್ಟಿದರು. ಎಷ್ಟೋ ತಿಂಗಳಿಂದ ಆ ಬಾಗಿಲನ್ನು ಯಾರೂ ತಟ್ಟಿರಲಿಲ್ಲವಾದ್ದರಿಂದ ಅವನು ಅಂಗಿಯ ಗುಂಡಿ ಹಾಕಿಕೊಂಡೇ ಹೋಗಿ ತೆರೆದ. ಕೆಳಗಿನ ಮನೆಯಾಕೆ ನಿಂತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಗಂಡ ಲಾರಿಯ ಮೇಲೆ ಊರೂರು ಅಲೆಯುವವನು. ಮನೆಯಲ್ಲಿ ಅತ್ತೆ, ಮತ್ತು ಎಲ್ಲರೂ ಚೂಟಿ ಎಂದು ಕರೆಯುವ ಎಂಟು ವರ್ಷದ ಮಗಳು. ಅಣ್ಣಾ, ತಪ್ಪು ತಿಳ್ಕೋಬೇಡಿ ಎಂದು ಶುರುಮಾಡಿ, ಬೆಳಿಗ್ಗೆ ನಿಮ್ಮ ಫ್ಯಾನಿನ ಗದ್ದಲದಲ್ಲಿ ಮಗುವಿಗೆ ಪಾಠ ಹೇಳಿಕೊಡಲಾಗುತ್ತಿಲ್ಲ ಎಂದಳು. ಅವನಿಗೆ ನಾಚಿಕೆಯಾಯಿತು. ಫ್ಯಾನು ರಿಪೇರಿ ಮಾಡುವವನಿಗೆ ನಿನ್ನ ಫ್ಯಾನು ಸರಿಯಿಲ್ಲ ಎಂದರೆ ಇನ್ನೇನಾಗಬೇಕು? ಆಕೆ ಮೆಟ್ಟಿಲಿಳಿಯುವ ಮೊದಲೇ ಸ್ಟೂಲು ಹಾಕಿ ಹತ್ತಿ ಫ್ಯಾನು ಬಿಚ್ಚಿದ.

ಸೋಮವಾರ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಬುಷ್ ಬದಲಿಸಿ, ರೆಕ್ಕೆ ನೇರಮಾಡಿ, ಗೋಡೆಗೆ ಕೂರುವ ಜಾಗಕ್ಕೆ ರಬ್ಬರ್ ವಾಷರ್ ಹಾಕಿದ. ಚಾಲು ಮಾಡಿದರೆ ತಿರುಗುತ್ತಿದೆಯೋ ಇಲ್ಲವೋ ಎಂದು ಕಣ್ಣಿಟ್ಟು ನೋಡಬೇಕು, ಅಷ್ಟು ನಿಶ್ಶಬ್ದ. ಸಂಜೆ ಅದನ್ನು ಮನೆಗೆ ತರುವುದು ಮರೆತುಹೋಯಿತು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅವನು ಹಲ್ಲುಜ್ಜುತ್ತಿದ್ದಾಗ ಫ್ಯಾನಿಲ್ಲದ ಕಿಂಡಿಯಿಂದ ಮಾತು ಕೇಳಿಸಿತು. ಅವನ ಬಾತ್‌ರೂಮಿನ ಕಿಂಡಿಯೂ ಕೆಳಗಿನ ಮನೆಯ ಅಡುಗೆಮನೆಯ ಕಿಟಕಿಯೂ ಒಂದೇ ಗಾಳಿಸಂದಿಗೆ ತೆರೆದುಕೊಂಡಿದ್ದವು. ಆ ಸಂದಿ ಬಾವಿಯ ಹಾಗೆ ಇತ್ತು; ಕೆಳಗೆ ಚಮಚ ಬಿದ್ದರೂ ಮೇಲೆ ಕೇಳುತ್ತಿತ್ತು. ತಾಯಿ ಒಲೆಯ ಮುಂದೆ ನಿಂತು ಮಗಳಿಂದ ಮಗ್ಗಿ ಹೇಳಿಸುತ್ತಿದ್ದಳು. ಅಜ್ಜಿ ಮೊಮ್ಮಗಳ ಜಡೆ ಹೆಣೆಯುತ್ತ ಕೂತಿದ್ದಿರಬೇಕು, ನಡುನಡುವೆ "ತಲೆ ಅಲ್ಲಾಡಿಸ್ಬೇಡ್ವೇ" ಎಂಬ ಗದರಿಕೆ. ಏಳರ ಮಗ್ಗಿ ಏಳೇಳರವರೆಗೆ ಸಲೀಸಾಗಿ ಓಡಿ, ಏಳೆಂಟರಲ್ಲಿ ಮುಗ್ಗರಿಸುತ್ತಿತ್ತು. ಚೂಟಿ ದಿನವೂ ಐವತ್ನಾಲ್ಕು ಎನ್ನುತ್ತಿದ್ದಳು. ತಾಯಿ ದಿನವೂ ಮೊದಲಿಂದ ಹೇಳು ಎನ್ನುತ್ತಿದ್ದಳು. ಏಳು ಮತ್ತು ಎಂಟಕ್ಕೆ ಏನೋ ಜಗಳ ಇರಬೇಕು, ಅದಕ್ಕೇ ತನಗೆ ಉತ್ತರ ಸಿಗುತ್ತಿಲ್ಲ ಎಂಬುದು ಚೂಟಿಯ ವಾದ.

ದಿನವೂ ಎಂದೆನಲ್ಲ, ಫ್ಯಾನು ವಾಪಸ್ ಬರಲೇ ಇಲ್ಲ. ಮೊದಮೊದಲು ಮರೆವು, ಆಮೇಲೆ ಕೆಲಸದ ಒತ್ತಡ, ಆಮೇಲೆ ಸುಮ್ಮನೆ. ಆರೂವರೆಗೆ ಅವನು ಬ್ರಷ್ ಬಾಯಲ್ಲಿಟ್ಟುಕೊಂಡು ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತರೆ ಏಳರ ತನಕ ಅಲ್ಲಾಡುತ್ತಿರಲಿಲ್ಲ. ಕದ್ದು ಕೇಳುವುದು ಸರಿಯಲ್ಲ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಳ್ಳುತ್ತಿದ್ದ. ಆ ಅರ್ಧ ಗಂಟೆ ಅವನ ಮನೆಯಲ್ಲಿ ಜನರಿದ್ದರು.

ಮೂರನೆಯ ವಾರ ಬಾಯಿ ಜಾರಿತು. ಅಂದು ಚೂಟಿಗೆ ಪರೀಕ್ಷೆ. ತಾಯಿಗೆ ಕಾರ್ಖಾನೆಯ ಬಸ್ಸು ತಪ್ಪೀತೆಂಬ ಆತುರ, ದನಿಯೇರಿತ್ತು. ಏಳೆಂಟ್ಲ, ಹೇಳು, ಏಳೆಂಟ್ಲ ಎಂದು ಆಕೆ ಮೂರು ಸಲ ಕೇಳಿದಳು. ಮಗು ಅಳುವುದಕ್ಕೆ ಮೂಗೆಳೆದುಕೊಂಡ ಸದ್ದು ಕೇಳಿತು. ಹೆಂಡತಿಗೆ ಎರಡು ವರ್ಷದಲ್ಲಿ ಒಂದು ಮಾತು ಹೇಳಲಾರದವನು ಆಗ ಕಿಂಡಿಗೆ ಮುಖಕೊಟ್ಟು ಹೇಳಿಯೇಬಿಟ್ಟ.

"ಐವತ್ತಾರು, ಪುಟ್ಟಿ."

ಕೆಳಗೆ ಕಿಟಕಿಯ ಬಾಗಿಲು ದಢಾರನೆ ಮುಚ್ಚಿಕೊಂಡಿತು, ಚಿಲಕ ಬಿತ್ತು.

ಮರುದಿನ ಕಿಟಕಿ ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ. ಮೆಟ್ಟಿಲಿನಲ್ಲಿ ಎದುರಾದಾಗ ತಾಯಿ ಅಣ್ಣಾ ಎನ್ನಲಿಲ್ಲ. ಮಗಳನ್ನು ಗೋಡೆಯ ಬದಿಗೆ ಎಳೆದುಕೊಂಡು, ತಲೆ ತಗ್ಗಿಸಿ ಇಳಿದುಹೋದಳು. ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆಕೆಯದೇನೂ ತಪ್ಪಿಲ್ಲ. ಒಂಟಿ ಗಂಡಸೊಬ್ಬ ತಲೆಯ ಮೇಲೆ ಕೂತು ಮನೆಯ ಮಾತೆಲ್ಲ ಕೇಳುತ್ತಿದ್ದಾನೆಂದರೆ ಯಾವ ತಾಯಿಗೆ ಧೈರ್ಯವಿದ್ದೀತು? ಹೋಗಿ ಕ್ಷಮೆ ಕೇಳೋಣವೆಂದು ಎರಡು ಸಲ ಅವರ ಬಾಗಿಲವರೆಗೆ ಇಳಿದ. ಎರಡು ಸಲವೂ ತಟ್ಟಲು ಎತ್ತಿದ ಕೈಯನ್ನು ಜೇಬಿಗಿಟ್ಟುಕೊಂಡು ಹತ್ತಿ ಬಂದ. ಹೋಗಿ ಹೇಳುವುದಾದರೂ ಏನನ್ನು? ನಿಮ್ಮ ಮನೆಯ ಸದ್ದು ಕೇಳಿದರೆ ನನಗೆ ಸಮಾಧಾನವಾಗುತ್ತಿತ್ತು ಎಂದೇ? ಅದು ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸುವ ಮಾತು.

ಕೊನೆಗೆ ಅಂಗಡಿಯಿಂದ ಫ್ಯಾನು ತಂದು ಹಾಕಿದ. ಸ್ವಿಚ್ ಒತ್ತಿ ನೋಡಿದರೆ ಮತ್ತೆ ಅದೇ ನಿಶ್ಶಬ್ದ, ತನ್ನದೇ ಕೈಗುಣ. ಇದು ತಿರುಗುತ್ತಿದೆ, ಇವನಿಗೆ ಏನೂ ಕೇಳುವುದಿಲ್ಲ ಎಂದು ಕೆಳಗಿನವರಿಗೆ ಗೊತ್ತಾಗುವ ಬಗೆ ಹೇಗೆ? ಮತ್ತೆ ಸ್ಟೂಲು ಹತ್ತಿ ನಾಲ್ಕು ರಬ್ಬರ್ ವಾಷರುಗಳನ್ನೂ ಕಿತ್ತ. ಎರಡು ಸ್ಕ್ರೂ ಸಡಿಲ ಮಾಡಿದ. ಕಟಿಂಗ್ ಪ್ಲೈಯರ್‌ನಲ್ಲಿ ಒಂದು ರೆಕ್ಕೆಯ ತುದಿ ಹಿಡಿದು ಬಗ್ಗಿಸುವಾಗ ಅವನ ಕೈ ಒಮ್ಮೆ ಹಿಂಜರಿಯಿತು. ಮೂವತ್ತು ವರ್ಷದಲ್ಲಿ ಸರಿಯಿದ್ದ ಫ್ಯಾನನ್ನು ಕೆಡಿಸಿದವನಲ್ಲ. ಕಣ್ಣು ಮುಚ್ಚಿ ಬಗ್ಗಿಸಿದ. ಫ್ಯಾನು ಹಿಂದಿಗಿಂತ ಜೋರಾಗಿ ಬಡಿದುಕೊಳ್ಳತೊಡಗಿತು.

ದಿನವೂ ಸರಿಯಾಗಿ ಆರೂವರೆಗೆ ಹಾಕುವುದು, ಏಳಕ್ಕೆ ಆರಿಸುವುದು. ವಾರ ಕಳೆಯಿತು, ತಿಂಗಳು ಕಳೆಯಿತು. ಒಂದು ಸಂಜೆ ಅವನು ಅಂಗಡಿಯಿಂದ ಬರುವಾಗ ಚೂಟಿಯ ಅಜ್ಜಿ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತ ಕೂತಿದ್ದರು. ಪಕ್ಕದಿಂದ ನುಸುಳಿ ಹೋಗಲು ನೋಡಿದವನನ್ನು ಅವರೇ ತಡೆದರು.

"ಏನಪ್ಪಾ, ಊರವರ ಫ್ಯಾನೆಲ್ಲ ರಿಪೇರಿ ಮಾಡ್ತೀಯ, ನಿಂದು ಯಾಕೆ ಹಾಗೆ ಒದ್ದಾಡತ್ತೆ?"

ಬುಷ್ ಸವೆದಿದೆ, ನೋಡಬೇಕು ಎಂದು ಅವನು ಗೊಣಗಿದ. ಅಜ್ಜಿ ಅವನ ಮುಖವನ್ನೇ ನೋಡಿದರು.

"ಇರ್ಲಿ ಬಿಡು, ಮುಟ್ಬೇಡ. ಗದ್ದಲ ಆದ್ರೂ ಪರವಾಗಿಲ್ಲ. ಅದು ತಿರುಗ್ತಾ ಇದ್ರೇನೇ ನಮ್ ಸೊಸೆ ಕಿಟಕಿ ತೆಗೆಯೋದು. ಮಗೂನೂ ಬಾಯಿಬಿಟ್ಟು ಹೇಳ್ತಾಳೆ. ಈಗ ಹದಿಮೂರರ ಮಗ್ಗಿಗೆ ಬಂದಿದಾಳೆ."

"ಒಳ್ಳೇದಾಯ್ತಮ್ಮ," ಎಂದ ಅವನು. ಮೆಟ್ಟಿಲು ಹತ್ತಿದ.

ಮರುದಿನ ಆರೂವರೆಗೆ ಸ್ವಿಚ್ ಒತ್ತಿ ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತ. ಕೆಳಗೆ ಕಿಟಕಿ ತೆರೆದಿರಬೇಕು, ಅಜ್ಜಿ ಜಡೆ ಹಾಕುತ್ತಿರಬೇಕು, ಮಗು ಹದಿಮೂರರ ಮಗ್ಗಿ ಹೇಳುತ್ತಿರಬೇಕು. ಅವನಿಗೆ ಕೇಳುತ್ತಿದ್ದುದು ಫ್ಯಾನಿನ ಸದ್ದೊಂದೇ. ಏಳು ಗಂಟೆಯಾಯಿತು. ಮಗುವಿಗೆ ಇನ್ನೂ ಒಂದೆರಡು ಸಾಲು ಉಳಿದಿರಬಹುದೆಂದು ಮತ್ತೈದು ನಿಮಿಷ ಹಾಗೇ ಬಿಟ್ಟ.