ಓಝೆಲ್ ಮೇಬ್ರಿ ಬೇಡವೆಂದ ಗೌರವ

ಅಮೆರಿಕದ ಜಾರ್ಜಿಯಾ ರಾಜ್ಯದ ಹಾಲೋವೇ ಪಟ್ಟಣದಲ್ಲಿ ಕಪ್ಪು ಮಕ್ಕಳ ಶಾಲೆಗೆ ಓಝೆಲ್ ಮೇಬ್ರಿ ಹತ್ತೊಂಬತ್ತು ವರ್ಷ ಫುಟ್‌ಬಾಲ್ ಕೋಚ್ ಆಗಿದ್ದ; ಹೆಲ್ಮೆಟ್ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಫುಟ್‌ಬಾಲ್ ಅದು. ಬಿಳಿಯರ ಶಾಲೆ ಬಳಸಿ ಬಿಸಾಡಿದ ಹೆಲ್ಮೆಟ್ಟುಗಳೇ ಅವನ ಹುಡುಗರಿಗೆ ಗತಿ. ಹರಿದ ಪಟ್ಟಿಗಳನ್ನು ಹೆಂಡತಿ ವರ್ಲೀನ್ ಹೊಲಿದುಕೊಡುತ್ತಿದ್ದಳು. ಅವನ್ನೇ ಹಾಕಿಕೊಂಡು ಆ ಹುಡುಗರು ಆರು ಟ್ರೋಫಿ ಗೆದ್ದಿದ್ದರು.

೧೯೭೦ರ ಬೇಸಿಗೆಯಲ್ಲಿ ಎರಡೂ ಶಾಲೆಗಳನ್ನು ಒಂದು ಮಾಡಿದರು. ಒಂದು ಮಾಡಿದರು ಅನ್ನುವುದು ಬಾಯಿಮಾತು. ಬೀಗ ಬಿದ್ದದ್ದು ಕಪ್ಪು ಮಕ್ಕಳ ಶಾಲೆಗೆ. ಮುಖ್ಯ ಕೋಚ್ ಹುದ್ದೆ ಇಪ್ಪತ್ತಾರರ ಬಿಳಿಯ ಡ್ವೇನ್ ಪ್ರುಯಿಟ್‌ಗೆ ಹೋಯಿತು. ಓಝೆಲ್ ಅವನ ಸಹಾಯಕ.

ಸಾಮಾನು ತರಲು ಹಳೆಯ ಶಾಲೆಗೆ ಹೋದವನಿಗೆ ಹಿಂಬದಿಯ ಕಸದ ರಾಶಿಯಲ್ಲಿ ಆರೂ ಟ್ರೋಫಿ ಕಂಡವು.

ಕಸ ಗುಡಿಸುವವನು ತಲೆ ತಗ್ಗಿಸಿದ. "ಎಸೀ ಅಂದ್ರು ಕೋಚ್. ಹೊಸ ಶಾಲೇಲಿ ಜಾಗ ಇಲ್ವಂತೆ."

"ಜಾಗ ಇಲ್ವಂತಾ? ಅವರ ಗಾಜಿನ ಬೀರು ಅರ್ಧ ಖಾಲಿ ಬಿದ್ದಿದೆಯಲ್ಲೋ!"

ಟ್ರೋಫಿಗಳನ್ನು ಆರಿಸಿಕೊಂಡು ಮನೆಗೆ ಬಂದ. ವರ್ಲೀನ್ ಜಗಲಿಯಲ್ಲಿ ಕಾಳು ಸುಲಿಯುತ್ತಿದ್ದಳು.

"ಆ ಕೆಲ್ಸದ ಮುಖಕ್ಕೆ ಉಗ್ದು ಬಾ. ಆ ಪಿಳ್ಳೆ ಮುಂದೆ ಕೈಕಟ್ಕೊಂಡು ನಿಲ್ತೀಯಾ?"

"ನನ್ನ ಹುಡುಗ್ರು ಅಲ್ಲೇ ಇರ್ತಾರಲ್ಲೇ. ನಾನೂ ಇಲ್ದಿದ್ರೆ ಅವರಿಗ್ಯಾರು?"

ಹಲ್ಲು ಕಚ್ಚಿಕೊಂಡು ಹೋದ. ಮೊದಲ ಪಂದ್ಯದಲ್ಲೇ ಪ್ರುಯಿಟ್, ಹಳೆಯ ಶಾಲೆಯಲ್ಲಿ ಓಝೆಲ್‌ನ ಕೈಕೆಳಗೆ ಎರಡು ವರ್ಷ ಚೆಂಡೆಸೆದು ಇಡೀ ಆಟ ನಡೆಸಿದ್ದ ಹುಡುಗ ರೋಸ್ಕೋನನ್ನು ಅಂಚಿನಲ್ಲಿ ಓಡುವ ಜಾಗಕ್ಕೆ ತಳ್ಳಿದ.

"ಆಟ ನಡ್ಸೋಕೆ ತಲೆ ಬೇಕು, ಓಝೆಲ್. ಅವನ ಕಾಲು ಚೆನ್ನಾಗಿದೆ, ಓಡ್ಲಿ ಬಿಡು."

"ನೀನು ಮೂಗು ಸೋರಿಸ್ಕೊಂಡು ಓಡಾಡ್ತಿದ್ದಾಗ್ಲೇ ನಾನು ಇಂಥ ತಲೆಗಳಿಗೆ ಆಟ ಕಲಿಸ್ತಿದ್ದೆ ಕಣೋ!"

ಆಟ ನೋಡಲು ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಕೇಳಿಸಿತು. ರೋಸ್ಕೋ ಹೆಲ್ಮೆಟ್ ಕಳಚಲು ಕೈ ಎತ್ತಿದ. ಓಝೆಲ್ ಅವನ ಮಣಿಕಟ್ಟು ಹಿಡಿದುಕೊಂಡ.

"ನೀನು ಆಡು ಮಗಾ. ಆಟಗಾರರನ್ನ ಆರಿಸ್ಕೊಳ್ಳೋಕೆ ಕಾಲೇಜಿನೋರು ಬಂದಿದಾರೆ. ಸಿಟ್ಟು ನನಗಿರ್ಲಿ."

ಹುಡುಗ ಆಡಿದ, ಕಾಲೇಜಿಗೂ ಹೋದ. ಓಝೆಲ್‌ನನ್ನು ಪಂದ್ಯದ ಮುಂದಿನ ಸೋಮವಾರವೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ನಲವತ್ತನಾಲ್ಕರ ಮನುಷ್ಯ ಮರದ ಮಿಲ್ಲಿಗೆ ಹಲಗೆ ಹೊರಲು ಸೇರಿದ. ಸುತ್ತಲಿನ ಯಾವ ಶಾಲೆಯೂ ಅವನ ಅರ್ಜಿಗೆ ಉತ್ತರ ಬರೆಯಲಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆಂದು ಪಾದ್ರಿ ಹೇಳಿದಾಗ ಚರ್ಚಿನಿಂದಲೇ ಎದ್ದು ಬಂದ.

ಅವನಿಗೆ ಎಪ್ಪತ್ತೆಂಟು ವರ್ಷವಾಗಿದ್ದಾಗ ಶಾಲೆಯ ಮಂಡಳಿಯಿಂದ ಮೂವರು ಬಂದರು. "ಮೈದಾನಕ್ಕೆ ನಿಮ್ಮ ಹೆಸರಿಡ್ಬೇಕು ಅಂತಿದೀವಿ, ಸರ್."

"ನಾನು ಕೇಳಿದ್ದು ಮೈದಾನ, ಬೋರ್ಡಲ್ಲ. ಆಗ ನನಗೆ ನಲವತ್ನಾಲ್ಕು. ಆ ವಯಸ್ಸು ತಂದ್ಕೊಡ್ತೀರಾ? ಆಗಲ್ಲ ತಾನೆ? ಹಾಗಾದ್ರೆ ಹೊರಡಿ."

ಮಾರನೇ ವರ್ಷ ಅವನು ತೀರಿಕೊಂಡ. ಮಣ್ಣಾಗಿ ವಾರ ಕಳೆಯುವಷ್ಟರಲ್ಲಿ ಅದೇ ಮೂವರು ಮತ್ತೆ ಬಂದರು. ವರ್ಲೀನ್ ಜಾಲರಿ ಬಾಗಿಲ ಚಿಲಕ ತೆಗೆಯಲೇ ಇಲ್ಲ.

"ಬದುಕಿದ್ದಾಗ ಬೇಡ ಅಂದ. ಸತ್ತ ಅಂತ ಹೂಂ ಅಂದ್ಬಿಡ್ತಾನಾ?"