ಅಂಕಲ್‌ಗೆ ಕೊಟ್ಟ ನವಿಲುಗರಿ

ಹಿತ್ತಲಿನಲ್ಲಿ ಒಗೆದ ಬಟ್ಟೆ ಹರವುತ್ತಿದ್ದೆ. ಮೂರು ದಿನ ಹಿಡಿದ ಮಳೆ ಬಿಟ್ಟು ಅಂದು ಬಿಸಿಲು ಬಂದಿತ್ತು. ಅದೇ ದೊಡ್ಡ ಉಪಕಾರವೆಂದು ಕೃಷ್ಣನಿಗೆ ಮನಸ್ಸಿನಲ್ಲೇ ಕೈಮುಗಿದು ಯಜಮಾನರ ಅಂಗಿಗೆ ಕ್ಲಿಪ್ಪು ಹಾಕುವಾಗ ಪಕ್ಕದ ಮನೆಯ ಅಂಕಲ್ ಬೇಲಿಯಾಚೆಯಿಂದ ಕರೆದರು. ಮೆಲ್ಬರ್ನಿನ ಒಂದು ನಾಟಕದಲ್ಲಿ ಅವರಿಗೆ ಪಾತ್ರ ಸಿಕ್ಕಿತ್ತಂತೆ.

ಆಗ ನಮಗೆ ಆಸ್ಟ್ರೇಲಿಯಾದಲ್ಲಿ ಕಾಯಂ ಇರಲು ಪಿಆರ್ ಸಿಕ್ಕಿದ ಹೊಸತು. ಸಿಡ್ನಿಯ ಗಿರಾವೀನ್‌ನಲ್ಲಿ ರೆಂಟಿಗಿದ್ದೆವು. ಅಂಕಲ್ ಇಂಗ್ಲೆಂಡಿನವರು, ಎಪ್ಪತ್ತು ದಾಟಿದ ನಟರು. ಹೆಂಡತಿಯ ಊರೆಂದು ಇಲ್ಲಿಗೆ ಬಂದು, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಮೀಸೆ ಸರಿಯಾಗಿ ಮೂಡುವ ಮೊದಲೇ ರಂಗ ಹತ್ತಿದ್ದರಂತೆ. ಸಿನಿಮಾದಲ್ಲಿ ಮಾಡಿದ್ದೆಲ್ಲ ಪೊಲೀಸು, ಡಾಕ್ಟರು, ಪಾದ್ರಿ. ತಾನು ಬಾಗಿಲು ತಟ್ಟಿದರೆ ಆ ಮನೆಯಲ್ಲಿ ಯಾರೋ ಸತ್ತರೆಂದೇ ಲೆಕ್ಕ ಎಂದು ತಾವೇ ನಗುತ್ತಿದ್ದರು. ಆದರೆ ಹಿಂದಿನ ವರ್ಷ ಸಿಡ್ನಿಯಲ್ಲಿ ನಾಟಕದ ನಡುವೆ ಮಾತು ಮರೆತು ನಿಂತುಬಿಟ್ಟಿದ್ದರು. ಎರಡನೇ ಸಲವೂ ಹಾಗಾದಾಗ ಪಾತ್ರವನ್ನು ಬೇರೆಯವರಿಗೆ ಕೊಟ್ಟರು. ಆಮೇಲೆ ಯಾರೂ ಕರೆದಿರಲಿಲ್ಲ. ಈ ಸಲವೂ ಮರೆತರೆ ತನ್ನ ಕತೆ ಮುಗಿಯಿತು ಎಂದು ಬೇಲಿ ಹಿಡಿದುಕೊಂಡೇ ಹೇಳಿದರು.

ಮಾತು ಬಾಯಿಪಾಠವಾಗಲು ಎದುರು ಪಾತ್ರ ಓದುವವರು ಬೇಕಿತ್ತು. ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ದಿನಾ ಹತ್ತೂವರೆಗೆ ಅಡುಗೆಮನೆಗೆ ಬರುವರು. ನಾನು ಬೀನ್ಸ್ ಹೆಚ್ಚುತ್ತಾ ಮಗಳ ಮಾತು ಓದಬೇಕು, ಅವರು ಹಠಮಾರಿ ಅಪ್ಪನಾಗಿ ಉತ್ತರಿಸಬೇಕು. ಅಪ್ಪನ ಮಾತು ಮೀರಿ ಮನೆಬಿಟ್ಟು ಹೋದ ಮಗಳು ಎಷ್ಟೋ ವರ್ಷದ ಮೇಲೆ ಬರುವ ಕತೆ ಅದು. ನನ್ನ ಇಂಗ್ಲಿಷು ಊರಿನ ಕನ್ನಡ ಶಾಲೆಯದು. 'ನನ್ನನ್ನು ಕ್ಷಮಿಸಿದಿರಾ, ಅಪ್ಪಾ' ಎಂದು ಕೇಳುವ ಜಾಗ ಬಂದಾಗ ಪಾಠ ಒಪ್ಪಿಸಿದ ಹಾಗೆ ಓದುತ್ತಿದ್ದೆ. ಅಂಕಲ್ ಮಾತ್ರ ಆ ಜಾಗದಲ್ಲೇ ಮತ್ತೆ ಮತ್ತೆ ತಡವರಿಸುತ್ತಿದ್ದರು. ಊಟ ಆರುತ್ತಿದೆ, ಮೊದಲು ತಿನ್ನು ಎನ್ನುವುದಷ್ಟೇ ಅವರ ಉತ್ತರ. ಅಷ್ಟು ಸಣ್ಣ ಮಾತೇ ಕೈಕೊಡುತ್ತಿತ್ತು.

ಊರಿನಲ್ಲಿ ನನ್ನ ಅಪ್ಪ ಹವ್ಯಾಸಕ್ಕೆ ಯಕ್ಷಗಾನದಲ್ಲಿ ವೇಷ ಕಟ್ಟುತ್ತಿದ್ದರು. ಬಣ್ಣ ಹಚ್ಚುವ ಚೌಕಿಯಲ್ಲಿ ದೇವರಿಗೆ ಪೂಜೆಯಾಗದೆ ಯಾರೂ ರಂಗಕ್ಕೆ ಹೋಗುವ ಕ್ರಮವಿಲ್ಲ. ಪಾಪ, ಅಂಕಲ್‌ಗೆ ಚೌಕಿಯಲ್ಲಿ ಯಾವ ದೇವರಿದ್ದಾನೆ ಎಂದು ನನಗೆ ಸಂಕಟವಾಯಿತು. ಅವರು ಮೆಲ್ಬರ್ನಿಗೆ ಹೊರಟ ದಿನ ಉಡುಪಿಯಿಂದ ತಂದು ದೇವರ ಮುಂದಿಟ್ಟಿದ್ದ ನವಿಲುಗರಿಯನ್ನು ಅವರ ನಾಟಕದ ಪುಸ್ತಕದೊಳಗೆ ಮೆಲ್ಲನೆ ಇಟ್ಟೆ. ಹೇಳಲಿಲ್ಲ. ಕೊಟ್ಟದ್ದನ್ನು ಹೇಳಿಕೊಂಡರೆ ಪುಣ್ಯ ಕಡಿಮೆ ಎಂದು ಅಮ್ಮ ಹೇಳುತ್ತಿದ್ದರು.

ಸಂಜೆ ಶಾಲೆಯಿಂದ ಬಂದ ಮಗಳಿಗೆ ಮಾತ್ರ ಹೇಳಿದೆ. ಅವಳು ಡ್ರಾಮಾ ಕಲಿಯುತ್ತಿದ್ದಳು. ಬ್ಯಾಗು ಅಲ್ಲೇ ಬಿಟ್ಟು ನನ್ನನ್ನೇ ನೋಡಿದಳು.

"ಅಮ್ಮಾ, ಥಿಯೇಟರ್‌ನಲ್ಲಿ ಪೀಕಾಕ್ ಫೆದರ್ ಈಸ್ ದ ವರ್ಸ್ಟ್ ಲಕ್. ಎವ್ರಿಬಡಿ ನೋಸ್ ದಟ್."

ಚಾಟ್ಸ್‌ವುಡ್‌ನ ಆಫೀಸಿನಿಂದ ಬಂದ ಯಜಮಾನರಿಗೆ ಹೇಳಿದರೆ ಅವರು ಶೂ ಬಿಚ್ಚುತ್ತಾ, "ಹೊರಟವರಿಗೆ ಬೆಕ್ಕು ಅಡ್ಡ ಬರುದು ಕೇಳಿದ್ದೆ. ನೀನು ಬೆಕ್ಕನ್ನೇ ಬ್ಯಾಗಿಗೆ ಹಾಕಿ ಕಳಿಸಿದಿಯಲ್ಲ ಮಾರಾಯ್ತಿ" ಎಂದರು.

ಫೋನಿನಲ್ಲಿ ಹೇಳಿ ಅಂಕಲ್‌ರನ್ನು ಗಾಬರಿಪಡಿಸಲು ಧೈರ್ಯ ಬರಲಿಲ್ಲ. ಪುಣ್ಯಕ್ಕೆ ನನ್ನ ತಂಗಿ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಮಾಡಿದ್ದಳು. ಶಾಲೆಗೆ ರಜೆ ಸಿಕ್ಕಿದೊಡನೆ ಎಲ್ಲರೂ ಅಲ್ಲಿಗೆ ಹೋದೆವು. ನಾಟಕ ಶುರುವಾಗಿ ಎರಡು ದಿನವಾಗಿತ್ತು. ಶನಿವಾರ ಮಧ್ಯಾಹ್ನದ ಆಟಕ್ಕೆ ತಂಗಿ ಟಿಕೆಟ್ ಬುಕ್ ಮಾಡಿದ್ದಳು. ನಾನು ಒಂದು ಗಂಟೆ ಮೊದಲೇ ಹಿಂದಿನ ಬಾಗಿಲಿಗೆ ಹೋಗಿ ಅಂಕಲ್‌ರನ್ನು ಕರೆಸಿದೆ. ಅರ್ಧ ಬಣ್ಣ ಹಚ್ಚಿಕೊಂಡೇ ಬಂದರು. ಎರಡು ದಿನವೂ ಮಾತು ಮರೆತಿರಲಿಲ್ಲವಂತೆ. ಗರಿ ಮೆಲ್ಬರ್ನಿನಲ್ಲಿ ಪುಸ್ತಕ ತೆರೆದ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತಂತೆ. ನಮ್ಮ ಮನೆಯಲ್ಲಿ ದೇವರ ಮುಂದೆ ಕಂಡಿದ್ದ ಗರಿಯೆಂದು ಎಸೆಯಲೂ ಆಗದೆ, ಒಳಗೆ ತರಲೂ ಆಗದೆ, ಎದುರಿನ ಕಾಫಿ ಅಂಗಡಿಯಲ್ಲಿ ಕೊಟ್ಟಿಟ್ಟಿದ್ದರು. ನಾನು ತಪ್ಪಾಯಿತೆಂದೆ. ರಸ್ತೆ ದಾಟಿ, ಗರಿಯನ್ನು ಇಸಿದುಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ಮನಸ್ಸು ಹೂವಿನಷ್ಟು ಹಗುರವಾಯಿತು.

ನಾಟಕ ಚೆನ್ನಾಗಿ ನಡೆಯುತ್ತಿತ್ತು. ಮಗಳ ಪಾತ್ರದ ಹುಡುಗಿ ಊಟದ ಮೇಜಿನ ಮುಂದೆ ಕೂತು ಕ್ಷಮಿಸಿದಿರಾ ಎಂದು ಕೇಳಿದಳು. ಅಂಕಲ್ ಬಾಯಿ ತೆರೆದರು. ಮಾತು ಬರಲಿಲ್ಲ. ನನಗೆ ಗೊತ್ತಾಯಿತು, ಅದು ಅಭಿನಯವಲ್ಲ. ಆ ನೋಟವನ್ನು ನಮ್ಮ ಅಡುಗೆಮನೆಯಲ್ಲಿ ಎಷ್ಟು ಸಲ ನೋಡಿಲ್ಲ. ಆಗಲೇ ಹೊಳೆಯಿತು: ಅವರು ಇಷ್ಟು ದಿನ ಹೊರಗಿಟ್ಟಿದ್ದ ಗರಿಯನ್ನು ನಾನೇ ಚೀಲದಲ್ಲಿ ಒಳಗೆ ತಂದು ಮೂರನೇ ಸಾಲಿನಲ್ಲಿ ಕೂತಿದ್ದೇನೆ.

ಎದ್ದು ಓಡೋಣವೆಂದರೆ ಆಚೀಚೆ ಜನ. ಚೀಲ ಅವುಚಿಕೊಂಡು, ಕೃಷ್ಣಾ, ಗರಿ ನಿನ್ನದು, ನೀನೇ ನೋಡಿಕೋ ಎಂದೆ. ರಂಗದ ಮೇಲಿನ ಹುಡುಗಿ ಜಾಣೆ. ಗಾಬರಿಯಾಗದೆ, ಅಪ್ಪಾ ಎಂದು ಇನ್ನೊಮ್ಮೆ ಮೆಲ್ಲಗೆ ಕರೆದಳು. ಅಂಕಲ್ ಅವಳ ತಟ್ಟೆಯನ್ನು ನೋಡಿದರು. ಊಟ ಆರುತ್ತಿದೆ, ಮೊದಲು ತಿನ್ನು ಎಂದರು. ನನ್ನ ಪಕ್ಕದ ಹೆಂಗಸು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು.

ಆಟ ಮುಗಿದ ಮೇಲೆ ಹೊರಗೆ ಕಾದೆವು. ಅಂಕಲ್ ಬಂದಾಗ ಮುಖ ಬಿಳುಚಿತ್ತು, ಆದರೆ ನಗುತ್ತಿದ್ದರು. ನಿರ್ದೇಶಕಿ ಬೈಯಲು ಕರೆದರೆಂದುಕೊಂಡು ಹೋದರೆ, ಆ ಮೌನ ಅದ್ಭುತವಾಗಿತ್ತು, ಇನ್ನು ಪ್ರತಿ ಆಟದಲ್ಲೂ ಅಷ್ಟೇ ಹೊತ್ತು ಸುಮ್ಮನಿರಬೇಕು ಎಂದರಂತೆ. ಹುಡುಗಿಯೂ ಹಾಗೆಯೇ ಎರಡನೇ ಸಲ ಕರೆಯಬೇಕಂತೆ. ಅಂದರೆ ತಡವರಿಸುತ್ತಿದ್ದ ಆ ಜಾಗದಲ್ಲಿ ಇನ್ನು ಮರೆತರೂ ಯಾರಿಗೂ ತಿಳಿಯುವಂತಿರಲಿಲ್ಲ. ಮುಗಿಯುವವರೆಗೂ ಪಾತ್ರ ತಮ್ಮದೇ ಎಂದು ಹೇಳುವಾಗ ಅವರ ಕಣ್ಣು ತೇವವಾಯಿತು.

ನಾನು ಸುಮ್ಮನಿರಲಾರದೆ ಚೀಲ ಬಿಚ್ಚಿ ತೋರಿಸಿದೆ. ಅಂಕಲ್ ಎರಡು ಹೆಜ್ಜೆ ಹಿಂದೆ ಸರಿದರು.

"ನಿಮ್ಮ ಕೃಷ್ಣನಿಗೆ ಥ್ಯಾಂಕ್ಸ್ ಹೇಳಿ," ಎಂದರು ಅಲ್ಲಿಂದಲೇ. "ಆದರೆ ಇದನ್ನು ದಯವಿಟ್ಟು ಮನೆಗೆ ತೆಗೆದುಕೊಂಡು ಹೋಗಿ."

ತೆಗೆದುಕೊಂಡು ಬಂದೆ. ವಿಂಡಮ್ ವೇಲ್ ತಲುಪುವಾಗ ಇನ್ನೂ ಬೆಳಕಿತ್ತು. ಬೆಳಗ್ಗೆ ಇಡ್ಲಿ ಮಾಡಬೇಕೆಂದು ತಂಗಿ ನೆನಪಿಸಿದಳು. ಕೈಕಾಲು ತೊಳೆದು, ಗರಿಯನ್ನು ದೇವರ ಮುಂದಿಟ್ಟು ದೀಪ ಹಚ್ಚಿದೆ. ಉದ್ದನ್ನು ಹೊರಡುವ ಮೊದಲೇ ನೆನೆಹಾಕಿದ್ದೆ. ಅದನ್ನು ನಾಲ್ಕು ನೀರಿನಲ್ಲಿ ತೊಳೆದು ರುಬ್ಬಲು ಕೂತೆ.